ಎರವಲು ಹೋದ ಗೋಲ್‌ಕೀಪರ್

ಎರವಲು ಕೊಡುವ ವಿಷಯದಲ್ಲಿ ನನ್ನದೊಂದು ಅನುಭವವಿದೆ. ಮನೆಯಲ್ಲಿರುವ ಒಳ್ಳೆಯ ವಸ್ತುವನ್ನು ಯಾರೂ ಎರವಲು ಕೊಡುವುದಿಲ್ಲ. ನಮ್ಮ ಮನೆಯಲ್ಲಿ ಎರಡು ಏಣಿಗಳಿವೆ. ಒಂದು ಅಲ್ಯೂಮಿನಿಯಮ್ಮಿನದು, ಹೊಸದು, ಒಳಗಿನ ಕೋಣೆಯಲ್ಲಿ ಗೋಡೆಗೊರಗಿ ರಾಣಿಯ ಹಾಗೆ ನಿಂತಿರುತ್ತದೆ. ಇನ್ನೊಂದು ಬಿದಿರಿನದು, ಮೇಲಿನ ಮೆಟ್ಟಿಲು ಅಲ್ಲಾಡುತ್ತದೆ, ಅದರ ವಾಸ ಹಿತ್ತಿಲಿನಲ್ಲಿ. ಪಕ್ಕದ ಮನೆಯವರು ತಾರಸಿಯ ಟ್ಯಾಂಕು ತೊಳೆಯಲು ಏಣಿ ಕೇಳಿದರೆ ನಾನು ತುಂಬಿದ ಮನಸ್ಸಿನಿಂದ, ನಗುನಗುತ್ತ, ಹಿತ್ತಿಲಿನ ಕಡೆಗೆ ಕೈ ತೋರಿಸುತ್ತೇನೆ. ಇದರಲ್ಲಿ ನನಗೆ ಎಂದೂ ಮುಜುಗರವಾಗಿಲ್ಲ, ಏಕೆಂದರೆ ಅವರು ನಮಗೆ ಕೊಡುವ ಇಡ್ಲಿ ಪಾತ್ರೆಯ ಮುಚ್ಚಳವೂ ಸರಿಯಾಗಿ ಕೂರುವುದಿಲ್ಲ. ಹೀಗಿರುವಾಗ, ಹೋದ ಸೀಸನ್ನಿನಲ್ಲಿ ನನ್ನನ್ನೇ ಎರವಲು ಕೊಟ್ಟರು. ನಾನು ಯಾವ ಏಣಿ ಎಂಬುದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ನಾನು ಫುಟ್‌ಬಾಲ್ ಗೋಲ್‌ಕೀಪರ್. ತಿಪಟೂರಿನವಳು. ಇದನ್ನು ಹೇಳಿದ ತಕ್ಷಣ ಜನ ನನ್ನ ಮುಖ ನೋಡಿ, ಆಮೇಲೆ ನನ್ನ ಸೊಂಟದ ಸುತ್ತಳತೆ ನೋಡಿ, ಕೊನೆಗೆ, “ಓ, ಶಾಲೇಲಿ ಆಡ್ತಿದ್ರಾ?” ಎನ್ನುತ್ತಾರೆ. ಇಲ್ಲ, ಈಗಲೂ ಆಡುತ್ತೇನೆ, ಸಂಬಳಕ್ಕೆ ಆಡುತ್ತೇನೆ. ನಮ್ಮ ಕಡೆ ಕೆಲವು ವರ್ಷಗಳಿಂದ ತಾಲ್ಲೂಕುಗಳ ಹೆಂಗಸರ ಲೀಗು ನಡೆಯುತ್ತಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಹುಳಿಯಾರು, ಎಲ್ಲ ಕಡೆಯೂ ಒಂದೊಂದು ಕ್ಲಬ್ಬು ಇದೆ. ಒಂದೊಂದಕ್ಕೂ ಒಬ್ಬೊಬ್ಬ ಕೊಬ್ಬರಿ ವರ್ತಕರೋ ಬಟ್ಟೆ ಅಂಗಡಿಯವರೋ ಬೆನ್ನಿಗಿದ್ದಾರೆ. ನನಗೆ ಈ ಕೆಲಸ ಬಂದದ್ದು ತೆಂಗಿನಕಾಯಿಯಿಂದ. ಚಿಕ್ಕಂದಿನಲ್ಲಿ ನಮ್ಮಪ್ಪ ತೋಟದಲ್ಲಿ ಕಾಯಿ ಕೀಳಿಸಿ ಟ್ರ್ಯಾಕ್ಟರಿಗೆ ತುಂಬಿಸುವಾಗ, ಕೆಳಗಿನಿಂದ ಆಳುಗಳು ಕಾಯಿ ಎಸೆಯುತ್ತಿದ್ದರು, ನಾನು ಟ್ರೈಲರಿನ ಮೇಲೆ ನಿಂತು ಹಿಡಿಯುತ್ತಿದ್ದೆ. ಸಿಪ್ಪೆ ಸುಲಿಯದ ಕಾಯಿ ಹಿಡಿದವರಿಗೆ ಚರ್ಮದ ಚೆಂಡು ಹೂವಿನ ಹಾಗೆ. ನಮ್ಮ ಶಾಲೆಯ ವ್ಯಾಯಾಮದ ಮೇಷ್ಟ್ರು ಒಮ್ಮೆ ತೋಟದ ಪಕ್ಕದಲ್ಲಿ ಹಾದು ಹೋಗುವಾಗ ಇದನ್ನು ನೋಡಿದರು. ಮರುದಿನ ನನ್ನನ್ನು ಕರೆದುಕೊಂಡು ಹೋಗಿ ಎರಡು ಕಂಬಗಳ ನಡುವೆ ನಿಲ್ಲಿಸಿದರು. ಆಮೇಲೆ ಮದುವೆಯಾಯಿತು, ಮಗಳು ಹುಟ್ಟಿದಳು, ಕಂಬಗಳ ನಡುವಿನ ಜಾಗ ಮಾತ್ರ ಹಾಗೆಯೇ ಉಳಿಯಿತು.

ಹಾಗೆಯೇ ಉಳಿಯಿತು ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಕಂಬಗಳ ನಡುವೆ ನಿಲ್ಲುತ್ತಿದ್ದವಳು ಚೈತ್ರ. ನನಗಿಂತ ಎತ್ತರ, ನನಗಿಂತ ಚಿಕ್ಕ ವಯಸ್ಸು, ಮೈಸೂರಿನಲ್ಲಿ ತರಬೇತಿ ಪಡೆದು ಬಂದವಳು. ನಾನು ನಮ್ಮ ಕ್ಲಬ್ಬಿನ ಎರಡನೆಯ ಗೋಲ್‌ಕೀಪರ್. ಎರಡನೆಯ ಗೋಲ್‌ಕೀಪರ್ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮುಂದೆ ನಿಂತು ಗೋಲು ಹೊಡೆಯುವವಳು ಸುಸ್ತಾದರೆ ಬೆಂಚಿನಿಂದ ಇನ್ನೊಬ್ಬಳನ್ನು ಇಳಿಸುತ್ತಾರೆ. ಗೋಲ್‌ಕೀಪರ್ ಸುಸ್ತಾಗುವುದಿಲ್ಲ. ಅವಳು ಬಿದ್ದು ಕೈ ಮುರಿದುಕೊಂಡರೆ ಮಾತ್ರ ನಮಗೆ ಅವಕಾಶ. ಒಬ್ಬ ಒಳ್ಳೆಯ ಹುಡುಗಿಯ ಕೈ ಮುರಿಯಲಿ ಎಂದು ಬಯಸುವುದು ಮಹಾಪಾಪ. ಆ ಪಾಪವನ್ನು ಮಾಡದಿರಲು ನಾನು ಪ್ರತಿ ಪಂದ್ಯದಲ್ಲೂ ಬೆಂಚಿನ ಮೇಲೆ ಕೂತು ಬಹಳ ಪ್ರಯತ್ನಪಡುತ್ತಿದ್ದೆ. ಚೈತ್ರಳಿಗೆ ನೆಗಡಿಯೂ ಆಗುತ್ತಿರಲಿಲ್ಲ.

ನಮ್ಮ ಕ್ಲಬ್ಬಿನ ಯಜಮಾನರು ಬಸಲಿಂಗಣ್ಣ. ಕೊಬ್ಬರಿ ಮಂಡಿಯವರು. ವಿಭೂತಿಯಿಟ್ಟ ಹಣೆ, ಬಿಳಿ ಅಂಗಿ, ಕೈಯಲ್ಲಿ ಸದಾ ಒಂದು ಕೊಬ್ಬರಿ ಗಿಟುಕು. ಮಂಡಿಯ ಟಿವಿಯಲ್ಲಿ ಹೊರದೇಶಗಳ ಫುಟ್‌ಬಾಲ್ ನೋಡಿ ನೋಡಿ ಅವರು ಎಷ್ಟು ಪಳಗಿದ್ದರೆಂದರೆ, ಯಾವ ದೇಶದ ಯಾವ ಕ್ಲಬ್ಬು ಯಾರನ್ನು ಕೊಂಡಿತು, ಯಾರನ್ನು ಎರವಲು ಕೊಟ್ಟಿತು ಎಂಬುದೆಲ್ಲ ಅವರಿಗೆ ನೆಂಟರ ಮನೆಯ ಸುದ್ದಿಯ ಹಾಗೆ ಬಾಯಿಗೆ ಬರುತ್ತಿತ್ತು. ಒಂದು ದಿನ ನನ್ನನ್ನು ಮಂಡಿಗೆ ಕರೆಸಿದರು. ಕುರ್ಚಿ ಕೊಟ್ಟರು, ಎಳನೀರು ತರಿಸಿದರು. ಯಜಮಾನರು ಎಳನೀರು ತರಿಸಿದಾಗಲೇ ಏನೋ ಅನಾಹುತ ಕಾದಿದೆ ಎಂದುಕೊಂಡೆ.

“ನೋಡು ಭಾಗ್ಯಮ್ಮ, ಚಿಕ್ಕನಾಯಕನಹಳ್ಳಿಯೋರು ಒಬ್ಬ ಗೋಲ್‌ಕೀಪರ್ ಕೇಳ್ತಾವ್ರೆ. ನಿನ್ನ ಒಂದು ಸೀಸನ್ನಿಗೆ ಅವ್ರಿಗೆ ಲೋನ್ ಕೊಡನಾ ಅಂತಿದೀನಿ” ಎಂದರು.

“ಲೋನಾ?” ಎಂದೆ. ನನಗೆ ಗೊತ್ತಿದ್ದ ಲೋನೆಂದರೆ ಬ್ಯಾಂಕಿನದು ಮಾತ್ರ.

“ಹೂಂ ಕಣಮ್ಮ. ದೊಡ್ಡ ದೊಡ್ಡ ಕ್ಲಬ್ಬಿನೋರೂ ಇಂಗೇ ಮಾಡ್ತಾರೆ. ಇಲ್ಲಿ ಸುಮ್ನೆ ಕೂತ್ಕಂಡಿರೋ ಆಟಗಾರ್ರನ್ನ ಸಣ್ಣ ಕ್ಲಬ್ಬಿಗೆ ಕೊಡೋದು. ಅಲ್ಲಿ ಅವ್ರು ದಿನಾ ಆಡ್ತಾರೆ, ಪಳಗ್ತಾರೆ. ಅರ್ಧ ಸಂಬಳ ಅವ್ರು ಕೊಡ್ತಾರೆ. ಸೀಸನ್ ಮುಗಿದ್ಮೇಲೆ ನಮ್ಮ ಆಟಗಾರ್ತಿ ನಮ್ಗೇ ವಾಪಸ್ಸು. ಕೊಬ್ಬರಿ ಇದ್ದಂಗೆ ಅಂತಿಟ್ಕೋ. ಕಾಯಿನ ಅಟ್ಟದ ಮೇಲೆ ಹಾಕಿ ಮರ್ತುಬುಡಬೇಕು. ಇಳಿಸ್ದಾಗ ಅಲ್ಲಾಡ್ಸಿದ್ರೆ ಒಳ್ಗಡೆ ಒಣಗಿದ ಗಿಟುಕು ಗಡಗಡ ಅನ್ಬೇಕು.”

ಅಟ್ಟದ ಮೇಲೆ ಹಾಕಿ ಮರೆತದ್ದು ಇಲ್ಲಿಯೇ ಆಗಿತ್ತಲ್ಲ ಎಂದು ಹೇಳಬೇಕೆನಿಸಿತು. ಆದರೆ ಬಾಯಲ್ಲಿ ಅವರದೇ ಎಳನೀರಿತ್ತು.

ಮನೆಯಲ್ಲಿ ಈ ಸುದ್ದಿ ಹೇಳುವುದು ಅಷ್ಟು ಸುಲಭವಿರಲಿಲ್ಲ. ನನ್ನ ಗಂಡ ಮಹೇಶ ಬೋರ್‌ವೆಲ್ ಮೋಟರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದಾನೆ. ಸುಟ್ಟುಹೋದ ಮೋಟರು ತಂದವರಿಗೆ, ಅದು ರಿಪೇರಿಯಾಗುವ ತನಕ ಒಂದು ಬದಲಿ ಮೋಟರು ಕೊಟ್ಟು ಕಳಿಸುವುದು ಅವನ ಪದ್ಧತಿ. ಹಾಗಾಗಿ ಅವನಿಗೆ ತಕ್ಷಣ ಅರ್ಥವಾಯಿತು. “ಒಳ್ಳೇದೇ ಬುಡು. ಓಡ್ತಾ ಇದ್ರೆ ಮೋಟ್ರು ತುಕ್ಕು ಹಿಡಿಯಲ್ಲ” ಎಂದ. ಸ್ವಲ್ಪ ಹೊತ್ತಿನ ಮೇಲೆ, ಊಟದ ನಡುವೆ, ತನ್ನಷ್ಟಕ್ಕೆ ತಾನೇ, “ಆದ್ರೆ ನಾನು ಕೊಟ್ಟ ಬದಲಿ ಮೋಟ್ರು ವಾಪಸ್ ಬರೋವಾಗ ಸುಟ್ಕಂಡೇ ಬರ್ತವೆ. ಸ್ವಂತದ್ದಲ್ವಲ್ಲ, ಯಾರೂ ನೋಡ್ಕಳಲ್ಲ” ಎಂದು ಸೇರಿಸಿದ. ಎರವಲು ಪದ್ಧತಿಯ ಲಾಭವನ್ನೂ ನಷ್ಟವನ್ನೂ ಇಷ್ಟು ಚಿಕ್ಕದಾಗಿ ಹೇಳಿದವರನ್ನು ನಾನು ಟಿವಿಯಲ್ಲೂ ನೋಡಿಲ್ಲ.

ನಮ್ಮತ್ತೆ ದಂಡಿನಶಿವರದವರು. ಅವರ ಪ್ರಶ್ನೆಗಳು ಯಾವಾಗಲೂ ನೇರ. “ಆ ಊರ್ನಾಗೆ ಗೋಲ್ ಹಿಡಿಯೋರು ಯಾರೂ ಇಲ್ವಂತಾ?” ಎಂದು ಕೇಳಿದರು.

“ಒಬ್ಬ ಹುಡುಗಿ ಇದಾಳಂತೆ ಅತ್ತೆ. ಆದ್ರೆ ಅನುಭವ ಸಾಲದಂತೆ.”

“ನಿಂಗೈತಾ?”

ನಾನು ಅನ್ನಕ್ಕೆ ಇನ್ನಷ್ಟು ಸಾರು ಹಾಕಿಕೊಂಡೆ. ಬೀದಿಯಲ್ಲಿ ಸುದ್ದಿ ಹರಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹಾಲಿನವಳು ಸಹ, “ಅಕ್ಕ, ನಿಮ್ಮನ್ನ ಎರವಲು ಕೊಟ್ಬುಟ್ರಂತೆ” ಎಂದು ಕನಿಕರದಿಂದ ಅರ್ಧ ಲೋಟ ಜಾಸ್ತಿ ಹಾಲು ಹಾಕಿದಳು. ನನ್ನ ಕ್ರೀಡಾ ಜೀವನದಿಂದ ಮನೆಗೆ ಬಂದ ಮೊದಲ ಲಾಭ ಅದು.

ಹೀಗೆ ನಾನು ದಿನಾ ಬೆಳಿಗ್ಗೆ ತಿಪಟೂರಿನಲ್ಲಿ ಬಸ್ಸು ಹತ್ತಿ, ಶೆಟ್ಟಿಕೆರೆ ಮೇಲೆ ಹಾದು, ಚಿಕ್ಕನಾಯಕನಹಳ್ಳಿಯಲ್ಲಿ ಇಳಿಯತೊಡಗಿದೆ. ಅಲ್ಲಿನ ಕೋಚು ರಂಗಸ್ವಾಮಿ ಮೇಷ್ಟ್ರು ಮೂಲತಃ ಕಬಡ್ಡಿಯವರು. ಆಟಗಾರ್ತಿಯರಿಗೆಲ್ಲ ಎದುರಾಳಿಯ ಕಾಲು ನೋಡಬೇಕು, ಕಣ್ಣು ನೋಡಬಾರದು ಎಂದು ಕಲಿಸಿದ್ದರು. ಮೈದಾನದಲ್ಲಿ ಹುಲ್ಲು ಎಲ್ಲೆಲ್ಲಿ ಇರಬೇಕೋ ಅಲ್ಲೆಲ್ಲ ಇರಲಿಲ್ಲ. ಗೋಲಿನ ಮುಂದೆಯಂತೂ ನೆಲ ಕಣದ ಹಾಗೆ ಗಟ್ಟಿ, ಬಿದ್ದರೆ ನೆಲಕ್ಕೆ ಏನೂ ಆಗುವುದಿಲ್ಲ. ಹಿಂದಿನ ವರ್ಷ ತಂಡ ಕೊನೆಯ ಸ್ಥಾನದಿಂದ ಕೂದಲೆಳೆಯಲ್ಲಿ ತಪ್ಪಿಸಿಕೊಂಡಿತ್ತು. ಕೊನೆಯ ಸ್ಥಾನಕ್ಕೆ ಬಂದ ತಂಡ ಮುಂದಿನ ವರ್ಷ ಲೀಗಿನಲ್ಲಿ ಇರುವಂತಿಲ್ಲ ಎಂಬುದು ನಿಯಮ. ತಂಡ ಲೀಗಿನಿಂದ ಹೊರಗೆ ಬಿದ್ದರೆ ತಾನು ಕೈ ತೊಳೆದುಕೊಳ್ಳುವುದಾಗಿ ಅಲ್ಲಿನ ಬಟ್ಟೆ ಅಂಗಡಿ ಯಜಮಾನರು ಮೊದಲೇ ಹೇಳಿದ್ದರಂತೆ. ಅಂದರೆ ತಂಡವೇ ಮುಚ್ಚುತ್ತದೆ. ಇಂಥ ಮನೆಗೆ ಅಲ್ಲಾಡುವ ಏಣಿಯಾಗಿ ನಾನು ಹೋಗಿದ್ದೆ.

ಮೊದಲ ಪಂದ್ಯ ತುರುವೇಕೆರೆಯ ಮೇಲೆ. ಎಷ್ಟು ಗೋಲು ಬಿತ್ತು ಎಂದು ಕೇಳಬೇಡಿ. ಚೆಂಡು ಬಲೆಯಿಂದ ತೆಗೆದು ತೆಗೆದು ನನ್ನ ಸೊಂಟ ಹಿಡಿದುಕೊಂಡಿತು ಎಂದಷ್ಟೇ ಹೇಳುತ್ತೇನೆ. ವರ್ಷಗಟ್ಟಲೆ ಬೆಂಚಿನ ಮೇಲೆ ಕೂತವಳಿಗೆ ಆಟವೆಂದರೆ ಪಕ್ಕದಿಂದ ಕಾಣುವ ದೃಶ್ಯ. ಅದು ನೇರವಾಗಿ ಮುಖಕ್ಕೆ ಬಂದಾಗ ಗಾಬರಿಯಾಗುತ್ತದೆ. ಅಂಚಿನಲ್ಲಿ ನಿಂತ ಜನ, “ಬಾಡಿಗೆ ಅಕ್ಕ, ನಿಮ್ಮೂರಿಗೆ ಬಸ್ಸು ಇನ್ನೂ ಐತೆ” ಎಂದು ಸಮಯ ಸಮೇತ ತಿಳಿಸಿದರು. ಬಾಡಿಗೆ ಅಕ್ಕ ಎಂಬ ಹೆಸರು ಅಂದಿನಿಂದ ನಿಂತಿತು.

ಆದರೆ ನನಗೆ ಹೆಚ್ಚು ಕಷ್ಟವಾದದ್ದು ಸವಿತಳಿಂದ. ನಾನು ಬರುವ ತನಕ ಆ ತಂಡದ ಗೋಲ್‌ಕೀಪರ್ ಆಗಿದ್ದವಳು ಅವಳು. ಡಿಗ್ರಿ ಓದುವ ಹುಡುಗಿ, ಶೆಟ್ಟಿಕೆರೆಯವಳು, ನಾನು ಹೋಗುವ ಬಸ್ಸನ್ನೇ ಹತ್ತುತ್ತಿದ್ದಳು. ನನ್ನ ಪಕ್ಕದ ಸೀಟು ಖಾಲಿಯಿದ್ದರೂ ಕಂಬಿ ಹಿಡಿದು ನಿಂತೇ ಬರುತ್ತಿದ್ದಳು. ಕೆಲವು ದಿನ ನೋಡಿ, ಒಂದು ದಿನ ನಾನೇ ಎದ್ದು ಅವಳ ಪಕ್ಕ ನಿಂತೆ. ಬಸ್ಸಿನಲ್ಲಿ ಅರ್ಧ ಸೀಟು ಖಾಲಿ, ನಾವಿಬ್ಬರೂ ನೇತಾಡುತ್ತಿದ್ದೆವು. ಕಂಡಕ್ಟರು ನಮ್ಮನ್ನು ವಿಚಿತ್ರವಾಗಿ ನೋಡಿದ.

“ನನ್ ಮೇಲೆ ಯಾಕ್ ಸಿಟ್ಟು ಸವಿತ?” ಎಂದು ಕೇಳಿದೆ.

“ಸಿಟ್ಟಲ್ಲ ಅಕ್ಕ” ಎಂದಳು. ಕಂಬಿಯ ಮೇಲೆ ಕೈ ಬದಲಿಸಿ, “ನೀವು ಸೀಸನ್ ಮುಗಿದ್ಮೇಲೆ ನಿಮ್ಮೂರಿಗೆ ಹೋಗ್ಬುಡ್ತೀರ. ಇಲ್ಲಿ ಇರೋಳು ನಾನು. ಈ ವರ್ಷ ಎಲ್ಲ ನಾನು ಕೂತಿದ್ರೆ, ನಾನು ಕಲಿಯೋದ್ ಯಾವಾಗ? ನಿಮ್ಗೆ ಅನುಭವ ಬರ್ಲಿ ಅಂತ ನನ್ ಅನುಭವ ಕಿತ್ಕಂಡಂಗಾಯ್ತು” ಎಂದಳು.

ಬಸಲಿಂಗಣ್ಣನವರ ಎಳನೀರಿನ ಭಾಷಣದಲ್ಲಿ ಈ ಹುಡುಗಿಯ ಪ್ರಸ್ತಾಪವೇ ಇರಲಿಲ್ಲ. ಕೊಡುವವರಿಗೂ ಲಾಭ, ತೆಗೆದುಕೊಳ್ಳುವವರಿಗೂ ಲಾಭ, ಹೋದವಳಿಗೂ ಲಾಭ ಎಂದು ಹೇಳುವಾಗ, ಹೋದವಳು ಹೋಗಿ ಯಾರ ಜಾಗದಲ್ಲಿ ಕೂರುತ್ತಾಳೆ ಎಂದು ಯಾರೂ ಕೇಳುವುದಿಲ್ಲ. ಬೆಂಚಿನ ಮೇಲೆ ಕೂತ ದುಃಖ ನನಗಿಂತ ಚೆನ್ನಾಗಿ ಈ ಮೂರು ತಾಲ್ಲೂಕಿನಲ್ಲಿ ಯಾರಿಗೂ ಗೊತ್ತಿಲ್ಲ. ಆ ದುಃಖವನ್ನು ನಾನೇ ಹೊತ್ತು ತಂದು, ಚೆನ್ನಾಗಿ ಆಡಿಕೊಂಡಿದ್ದ ಒಬ್ಬಳ ತಲೆಯ ಮೇಲೆ ಇಳಿಸಿದ್ದೆ.

ಅಂದಿನಿಂದ ಅಭ್ಯಾಸದಲ್ಲಿ ನಾವಿಬ್ಬರೂ ಜೊತೆಯಾದೆವು. ಎತ್ತರದ ಚೆಂಡಿಗೆ ಸವಿತ ಹಾರುವುದನ್ನು ನೋಡಬೇಕು, ಚೈತ್ರಳಿಗೂ ಹಾಗೆ ಬರುವುದಿಲ್ಲ. ನಾನು ಹಾರಿದರೆ ನೆಲಕ್ಕೂ ನನ್ನ ಬೂಟಿಗೂ ನಡುವೆ ಒಂದು ದಪ್ಪ ಪುಸ್ತಕ ತೂರಿಸಬಹುದು, ಅಷ್ಟೆ. ಆದರೆ ನನಗೊಂದು ವಿದ್ಯೆಯಿತ್ತು, ಕೂಗುವುದು. ವರ್ಷಗಟ್ಟಲೆ ಪಕ್ಕದಿಂದ ಆಟ ನೋಡಿದ್ದರಿಂದ ಯಾರು ಎಲ್ಲಿ ನಿಲ್ಲಬೇಕು ಎಂಬುದು ನನಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. ಅವಳು ನನಗೆ ಹಾರುವುದನ್ನು ಕಲಿಸಿದಳು, ನಾನು ಅವಳಿಗೆ ಕೂಗುವುದನ್ನು ಕಲಿಸಿದೆ. ಮೆಲುದನಿಯ ಹುಡುಗಿ ಅವಳು. ಒಂದು ದಿನ ಮನೆಯಲ್ಲಿ ಮರೆತು, “ಎಡಗಡೆ ಬಾರೇ, ಎಡಗಡೆ” ಎಂದು ಕೂಗಿಬಿಟ್ಟಳಂತೆ, ಅವರಜ್ಜಿ ಕೈಯಲ್ಲಿದ್ದ ಚೊಂಬು ಸಮೇತ ಎಡಕ್ಕೆ ಸರಿದರಂತೆ.

ಆಡುತ್ತ ಆಡುತ್ತ ನನಗೂ ಆಟ ಬಂತು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಜಮಾನರು ಹೇಳಿದ್ದು ಆ ಮಟ್ಟಿಗೆ ಸುಳ್ಳಲ್ಲ. ಬೆಂಚಿನ ಮೇಲೆ ಎಷ್ಟು ಯೋಚನೆ ಮಾಡಿದರೂ ಬಾರದ ವಿದ್ಯೆ ಎದುರಿಗೆ ಒಬ್ಬಳು ಚೆಂಡು ತಳ್ಳಿಕೊಂಡು ಓಡಿ ಬಂದಾಗ ತಾನಾಗಿ ಬರುತ್ತದೆ. ಹುಳಿಯಾರಿನವರ ಮೇಲೆ ಸಮ ಮಾಡಿಕೊಂಡೆವು. ತುರುವೇಕೆರೆಯವರನ್ನು ಅವರ ಮೈದಾನದಲ್ಲೇ ಸೋಲಿಸಿದೆವು. “ಬಾಡಿಗೆ ಅಕ್ಕ” ಎಂಬ ಕೂಗಿನ ಧಾಟಿ ಬದಲಾಯಿತು. ಹೋಟೆಲಿನವರು ನನ್ನ ದೋಸೆಗೆ ಕೇಳದೆಯೇ ಬೆಣ್ಣೆ ಹಾಕತೊಡಗಿದರು. ಆದರೂ ಮೊದಲಿನ ಸೋಲುಗಳ ಹೊರೆ ಇಳಿಯಲಿಲ್ಲ. ಕೊನೆಯ ಪಂದ್ಯ ಬರುವ ಹೊತ್ತಿಗೆ ಲೆಕ್ಕ ಹೀಗೆ ನಿಂತಿತು: ಚಿಕ್ಕನಾಯಕನಹಳ್ಳಿ ಗೆದ್ದರೆ ಲೀಗಿನಲ್ಲಿ ಉಳಿಯುತ್ತದೆ, ಇಲ್ಲದಿದ್ದರೆ ತಂಡವೇ ಇಲ್ಲ. ಎದುರಾಳಿ ತಿಪಟೂರು. ತಿಪಟೂರಿಗೆ ಪಂದ್ಯ ಸಮವಾದರೂ ಸಾಕು, ಲೀಗಿನ ಕಪ್ಪು ಅವರದೇ. ನಮ್ಮದೇ ಎನ್ನಬೇಕೋ, ಅವರದೇ ಎನ್ನಬೇಕೋ, ಆಗ ನನಗೇ ಗೊತ್ತಾಗುತ್ತಿರಲಿಲ್ಲ.

ಎರವಲು ಹೋದವರು ತಮ್ಮನ್ನು ಕೊಟ್ಟ ಕ್ಲಬ್ಬಿನ ಮೇಲೆ ಆಡುವುದಿಲ್ಲ ಎಂಬುದು ವಾಡಿಕೆ. ಸೀಸನ್ನಿನ ಮೊದಲರ್ಧದಲ್ಲಿ ತಿಪಟೂರಿನವರು ಬಂದಾಗ ನಾನು ಹೊರಗೆ ಕೂತಿದ್ದೆ, ಸವಿತ ಆಡಿದ್ದಳು. ಆದರೆ ಈ ಸಲ ಸವಿತಳ ಬೆರಳು ಅಭ್ಯಾಸದಲ್ಲಿ ಉಳುಕಿ ಊದಿಕೊಂಡಿತ್ತು. ರಂಗಸ್ವಾಮಿ ಮೇಷ್ಟ್ರಿಗೆ ಬೇರೆ ದಾರಿಯಿರಲಿಲ್ಲ. ನನ್ನನ್ನೂ ಸವಿತಳನ್ನೂ ಎದುರಿಗೆ ಕೂರಿಸಿಕೊಂಡು, ಬಸಲಿಂಗಣ್ಣನವರಿಗೆ ಫೋನ್ ಮಾಡಿ, ಭಾಗ್ಯಮ್ಮನನ್ನು ಆಡಿಸಲು ಅಪ್ಪಣೆ ಕೇಳಿದರು. ಮೇಷ್ಟ್ರಿಗೆ ಕಿವಿ ಸ್ವಲ್ಪ ಮಂದ, ಫೋನಿನ ಸ್ಪೀಕರ್ ಯಾವಾಗಲೂ ಹಾಕಿಯೇ ಇರುತ್ತಿತ್ತು.

“ಅಯ್ಯೋ, ಆಡ್ಲಿ ಬುಡಿ ಮೇಷ್ಟ್ರೇ” ಎಂದಿತು ಯಜಮಾನರ ದನಿ, ಬಹಳ ಉದಾರವಾಗಿ. “ಭಾಗ್ಯಮ್ಮ ನಿಂತ್ಕಂಡ್ರೆ ನಮಗೇ ಅನುಕೂಲ ಕಣ್ರೀ. ನಮ್ಮ ಹುಡ್ಗೀರು ಅವಳಿಗೆ ದಿನಾ ಗೋಲು ಹೊಡ್ದು ಹೊಡ್ದು ಬೆಳೆದೋರು.”

ಮೇಷ್ಟ್ರು ಫೋನ್ ಕೆಳಗಿಟ್ಟು ಬೂಟಿನ ದಾರ ನೋಡತೊಡಗಿದರು. ಸವಿತ ತನ್ನ ಊದಿದ ಬೆರಳು ನೋಡತೊಡಗಿದಳು. ಬಸಲಿಂಗಣ್ಣನವರ ಮಾತಿನಲ್ಲಿ ಕೆಟ್ಟತನವಿರಲಿಲ್ಲ, ಅದೇ ಹೆಚ್ಚು ನೋವಾದದ್ದು. ಮಳೆ ಬಂದರೆ ಕೆಸರಾಗುತ್ತದೆ ಎನ್ನುವಷ್ಟು ಸಹಜವಾಗಿ ಹೇಳಿದ್ದರು. ಬೈದಿದ್ದರೆ ಬೈಗುಳ ಎಂದು ಮರೆಯಬಹುದಿತ್ತು. ನಾನು ಎದ್ದು ಹೋಗಿ ಕೈಗವಸು ಹಾಕಿಕೊಂಡು, “ಮೇಷ್ಟ್ರೇ, ಇವತ್ತು ಇನ್ನೊಂದಷ್ಟು ಹೊತ್ತು ಚೆಂಡು ಹೊಡೀರಿ” ಎಂದೆ. ಅವರು ಕತ್ತಲಾಗುವ ತನಕ ಹೊಡೆದರು. ಕಬಡ್ಡಿಯವರಾದ್ದರಿಂದ ಯಾವ ಚೆಂಡು ಎತ್ತ ಹೋಗುತ್ತದೆ ಎಂದು ಅವರಿಗೇ ತಿಳಿಯುತ್ತಿರಲಿಲ್ಲ. ಅದಕ್ಕಿಂತ ಒಳ್ಳೆಯ ಅಭ್ಯಾಸ ಗೋಲ್‌ಕೀಪರಿಗೆ ಸಿಗುವುದಿಲ್ಲ.

ಮನೆಯಲ್ಲಿ ಮಹೇಶನಿಗೆ ಒಂದು ಧರ್ಮಸಂಕಟ ಹುಟ್ಟಿತ್ತು. ಬಸಲಿಂಗಣ್ಣನವರ ತೋಟದ ಮೋಟರುಗಳೆಲ್ಲ ಅವನ ಅಂಗಡಿಗೇ ಬರುವುದು. ಕೂಗುವುದಾದರೆ ಯಾರ ಕಡೆ ಕೂಗುವುದು? ನನಗೂ ಅದೇ ಸಂಕಟ. ಉಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರೆ. ಆದರೆ ನಾನು ಅರ್ಧ ಸಂಬಳ ಈ ಮನೆಯಲ್ಲೂ ಅರ್ಧ ಆ ಮನೆಯಲ್ಲೂ ಉಣ್ಣುತ್ತಿದ್ದೆ. ಕೊನೆಗೆ ತೀರ್ಮಾನ ಹೇಳಿದವರು ಅತ್ತೆ. “ಯಾರ್ ಅಂಗಳದಾಗೆ ನಿಂತಿದೀಯೋ ಅವ್ರ ಅಂಗಳ ಗುಡ್ಸು” ಎಂದರು. ಅಷ್ಟು ಹೇಳಿ, ತಾವೂ ಪಂದ್ಯಕ್ಕೆ ಬರುವುದಾಗಿ ಸೇರಿಸಿದರು. ಅದುವರೆಗೆ ಅವರು ನನ್ನ ಒಂದು ಆಟವನ್ನೂ ನೋಡಿರಲಿಲ್ಲ. ತಿಪಟೂರಿನಲ್ಲಿದ್ದಾಗ ನೋಡಲು ಆಟವೂ ಇರಲಿಲ್ಲವೆನ್ನಿ.

ಪಂದ್ಯ ತಿಪಟೂರಿನ ಮೈದಾನದಲ್ಲಿ. ಒಂದು ಬದಿಗೆ ತೆಂಗಿನ ತೋಟ, ಇನ್ನೊಂದು ಬದಿಗೆ ರಸ್ತೆ. ಜನ ಕಿಕ್ಕಿರಿದಿದ್ದರು. ಕಪ್ಪಿಗೆ ಹಾಕಲು ಹೂವಿನ ಹಾರವನ್ನು ಬಸಲಿಂಗಣ್ಣ ಮೊದಲೇ ತರಿಸಿದ್ದರು. ಅತ್ತೆ ಮಹೇಶನ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನಾನು ಹತ್ತಿರ ಹೋದಾಗ, “ನೀನು ಯಾವ್ ಕಡೆಗೆ ಹೊಡೀಬೇಕು?” ಎಂದು ಕೇಳಿದರು.

“ನಾನು ಹೊಡೆಯಲ್ಲ ಅತ್ತೆ, ತಡೀತೀನಿ.”

“ಇಷ್ಟ್ ಜನಾನೂ ಹೊಡೆಯೋರೇ. ತಡೆಯೋಳು ನೀನೊಬ್ಳೇನಾ?” ಎಂದರು. ಆಗಲೇ ಅವರ ದನಿಯಲ್ಲಿ ಏನೋ ಒಂದು ಬದಲಾವಣೆ ಇತ್ತು.

ಆಟ ಶುರುವಾಯಿತು. ಮೊದಲರ್ಧದಲ್ಲಿ ತಿಪಟೂರಿನವರು ನಮ್ಮ ಮೇಲೆ ಮುಗಿಬಿದ್ದರು. ಅವರು ಒಬ್ಬೊಬ್ಬರೂ ನನಗೆ ಅಂಗೈ ಗೆರೆಯ ಹಾಗೆ ಗೊತ್ತು. ಯಾರು ಎಡಗಾಲಿಗೆ ತೆಗೆದುಕೊಳ್ಳದೆ ಹೊಡೆಯುವುದಿಲ್ಲ, ಯಾರು ಹೊಡೆಯುವ ಮುಂಚೆ ತುಟಿ ಕಚ್ಚುತ್ತಾಳೆ, ಯಾರಿಗೆ ಎರಡನೆಯ ಸಲ ಓಡಲು ಉಸಿರಿರುವುದಿಲ್ಲ, ಎಲ್ಲವನ್ನೂ ಬೆಂಚಿನ ಮೇಲೆ ಕೂತು ನೋಡಿದ್ದೆ. ಆಟಗಾರ್ತಿಯನ್ನು ಎರವಲು ಕೊಡುವಾಗ ಅವಳ ಜೊತೆಗೆ ಮನೆಯ ಗುಟ್ಟೂ ಹೋಗುತ್ತದೆ ಎಂಬುದನ್ನು ಬಸಲಿಂಗಣ್ಣನವರ ಟಿವಿ ಹೇಳಿರಲಿಲ್ಲವೇನೋ. ನಾನು ಗಂಟಲು ಹರಿಯುವ ಹಾಗೆ ಕೂಗಿದೆ, “ಅವಳು ಒಳಗೆ ತಿರುಗ್ತಾಳೆ, ಕಾಯಿ, ಅಲ್ಲೇ ಕಾಯಿ.” ನಮ್ಮ ಹುಡುಗಿಯರು ಕಾದರು, ಅವಳು ಒಳಗೆ ತಿರುಗಿದಳು. ಬಂದ ಚೆಂಡುಗಳನ್ನು ಹಿಡಿದೆ, ಗುದ್ದಿದೆ, ಒಂದನ್ನು ಸವಿತ ಕಲಿಸಿದ ಹಾಗೆ ಹಾರಿ ಬೆರಳ ತುದಿಯಲ್ಲಿ ತೆಂಗಿನ ತೋಟಕ್ಕೆ ಕಳಿಸಿದೆ. ನೆಲಕ್ಕೂ ಬೂಟಿಗೂ ನಡುವೆ ಆ ಕ್ಷಣ ಒಂದು ಮೊರವನ್ನೇ ತೂರಿಸಬಹುದಿತ್ತು. ಹೊರಗಿನಿಂದ ಸವಿತ ಚಪ್ಪಾಳೆ ಹೊಡೆಯಲಾಗದೆ, ಒಂದು ಕೈಯಿಂದ ತೊಡೆ ಬಡಿದುಕೊಳ್ಳುತ್ತಿದ್ದಳು.

ಎರಡನೆಯ ಅರ್ಧದಲ್ಲಿ ನಮಗೊಂದು ಕಾರ್ನರ್ ಸಿಕ್ಕಿತು. ಚೆಂಡು ಗುಂಪಿನಲ್ಲಿ ಬಿದ್ದು, ಯಾರದೋ ಮೊಣಕಾಲಿಗೆ ತಗುಲಿ, ಚೈತ್ರಳ ಪಕ್ಕದಿಂದ ಉರುಳಿ ಒಳಗೆ ಹೋಯಿತು. ಅಂದವಾದ ಗೋಲಲ್ಲ, ಆದರೆ ಅಂದಕ್ಕೆ ಪಾಯಿಂಟಿಲ್ಲ. ಮೈದಾನ ಸ್ತಬ್ಧವಾಯಿತು. ಚಿಕ್ಕನಾಯಕನಹಳ್ಳಿಯಿಂದ ಬಂದಿದ್ದ ಬಸ್ಸಿನ ಮೇಲಿನ ಜನ ಮಾತ್ರ ಕುಣಿಯುತ್ತಿದ್ದರು.

ಆಟ ಮುಗಿಯಲು ಇನ್ನು ಸ್ವಲ್ಪವೇ ಇದೆ ಎನ್ನುವಾಗ ನಮ್ಮ ಹುಡುಗಿಯೊಬ್ಬಳು ಕಬಡ್ಡಿಯ ಅಭ್ಯಾಸಬಲದಿಂದ ಎದುರಾಳಿಯ ಕಾಲನ್ನೇ ಹಿಡಿದುಬಿಟ್ಟಳು. ರೆಫರಿ ಸೀಟಿ ಊದಿ ಗೋಲಿನ ಮುಂದಿನ ಬಿಳಿ ಚುಕ್ಕೆ ತೋರಿಸಿದರು. ಪೆನಾಲ್ಟಿ. ಹೊಡೆಯಲು ಬಂದವಳು ಪಲ್ಲವಿ. ತಿಪಟೂರಿಗೆ ಗೋಲು ಹೊಡೆದು ಕೊಡುವವಳು, ನನ್ನ ಗೆಳತಿ, ವರ್ಷಗಟ್ಟಲೆ ಅಭ್ಯಾಸದಲ್ಲಿ ನನ್ನ ಮೇಲೆಯೇ ಪೆನಾಲ್ಟಿ ಹೊಡೆದು ಕಾಲು ಪಳಗಿಸಿಕೊಂಡವಳು. ಪಲ್ಲವಿ ಯಾವಾಗಲೂ ನನ್ನ ಬಲಕ್ಕೆ ಹೊಡೆಯುತ್ತಾಳೆ. ಇದು ನನಗೆ ಗೊತ್ತು. ನನಗೆ ಗೊತ್ತೆಂಬುದು ಅವಳಿಗೂ ಗೊತ್ತು. ಹಾಗಾಗಿ ಎಡಕ್ಕೆ ಹೊಡೆಯುತ್ತಾಳೆ. ಆದರೆ ನಾನು ಹೀಗೆ ಯೋಚಿಸುತ್ತೇನೆ ಎಂಬುದೂ ಅವಳಿಗೆ ಗೊತ್ತು, ಹಾಗಾಗಿ ಬಲಕ್ಕೇ ಹೊಡೆಯುತ್ತಾಳೆ. ಈ ಯೋಚನೆ ಗಾಣದೆತ್ತಿನ ಹಾಗೆ ಸುತ್ತುತ್ತಿರುವಾಗಲೇ ಅವಳು ಓಡಿ ಬಂದಳು. ನಾನು ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ನಿಂತಲ್ಲೇ ನಿಂತಿದ್ದೆ. ಪಲ್ಲವಿಯೂ ಇದೇ ಸುಳಿಯಲ್ಲಿ ಸಿಕ್ಕಿಬಿದ್ದಿದ್ದಳೆಂದು ಕಾಣುತ್ತದೆ, ಚೆಂಡನ್ನು ನಡುವಿಗೆ ಹೊಡೆದಳು. ಅದು ನೇರವಾಗಿ ಬಂದು ನನ್ನ ಹೊಟ್ಟೆಗೆ ಬಡಿಯಿತು.

ನಾನು ಹೇಗೆ ಊಹಿಸಿದೆ ಎಂದು ಆಮೇಲೆ ಬಹಳ ಜನ ಕೇಳಿದರು. ಅನುಭವ ಎಂದು ಹೇಳಿದ್ದೇನೆ, ಈಗಲೂ ಹಾಗೇ ಹೇಳುತ್ತೇನೆ. ಆದರೆ ಆ ನಂತರದ್ದನ್ನು ಮಾತ್ರ ಯಾವ ಸಂಕೋಚವೂ ಇಲ್ಲದೆ ನನ್ನದೆಂದು ಹೇಳಿಕೊಳ್ಳುತ್ತೇನೆ. ಹೊಟ್ಟೆಗೆ ಬಡಿದ ಚೆಂಡು ಪುಟಿದು ಮತ್ತೆ ಪಲ್ಲವಿಯ ಕಾಲಿಗೇ ಹೋಯಿತು. ಉಸಿರು ನಿಂತುಹೋಗಿತ್ತು, ಕಣ್ಣ ಮುಂದೆ ಮಂಜು. ಅವಳು ಎರಡನೆಯ ಸಲ ಬಲಮೂಲೆಗೆ, ತನ್ನ ಹಳೆಯ ಮೂಲೆಗೆ, ಬಾರಿಸಿದಳು. ಈ ಸಲ ಯೋಚಿಸಲು ಇಬ್ಬರಿಗೂ ಸಮಯವಿರಲಿಲ್ಲ. ನಾನು ಹಾರಿದೆ. ಎರಡು ಕೈಯಲ್ಲೂ ಚೆಂಡು ಹಿಡಿದು, ಎದೆಗೊತ್ತಿಕೊಂಡು, ನೆಲದ ಮೇಲೆ ಬಿದ್ದೆ. ಬಿದ್ದವಳು ರೆಫರಿ ಬಂದು ಬೆನ್ನು ತಟ್ಟುವ ತನಕ ಚೆಂಡನ್ನು ಬಿಡಲಿಲ್ಲ.

ಕೊನೆಯ ಸೀಟಿ ಊದಿದ ಮೇಲೆ ಏನೇನಾಯಿತು ಎಂದು ಕ್ರಮವಾಗಿ ಹೇಳಲಾರೆ. ಹತ್ತು ಹುಡುಗಿಯರ ಭಾರ ನನ್ನ ಮೇಲಿತ್ತು. ರಂಗಸ್ವಾಮಿ ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತಿದ್ದರು. ಅತ್ತೆ ಎದ್ದು ನಿಂತು, ಎಡಕ್ಕೂ ಬಲಕ್ಕೂ ಕೂತಿದ್ದ ತಿಪಟೂರಿನ ಅಭಿಮಾನಿಗಳಿಗೆಲ್ಲ, “ನಮ್ ಸೊಸೆ ಕಣ್ರೀ, ನಮ್ ಸೊಸೆ” ಎಂದು ಪರಿಚಯ ಹೇಳುತ್ತಿದ್ದರು. ಕಪ್ಪು ಪಾಯಿಂಟಿನಲ್ಲಿ ತಿಪಟೂರಿನ ಬೆನ್ನಿಗೇ ಇದ್ದ ಹುಳಿಯಾರಿಗೆ ಹೋಯಿತು. ಅವರು ಆ ಹೊತ್ತಿಗೆ ಮೈದಾನದಲ್ಲೂ ಇರಲಿಲ್ಲ, ಫೋನ್ ಮಾಡಿ ತಿಳಿಸಬೇಕಾಯಿತು.

ಬಸಲಿಂಗಣ್ಣ ಬಂದು ನನ್ನೆದುರು ನಿಂತಾಗ ಸ್ವಲ್ಪ ಅಳುಕಾಯಿತು. ಕಪ್ಪಿಗೆ ತಂದಿದ್ದ ಹೂವಿನ ಹಾರ ಕೈಯಲ್ಲಿಯೇ ಇತ್ತು. ಒಮ್ಮೆ ಹಾರ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಹಾರವನ್ನು ನನ್ನ ಕೊರಳಿಗೆ ಹಾಕಿ, ಮೈಕು ಹಿಡಿದು ಓಡಿ ಬಂದ ಲೋಕಲ್ ಚಾನೆಲ್ಲಿನವನ ಕಡೆ ತಿರುಗಿ, ಎದೆಯುಬ್ಬಿಸಿ, “ಇದು ನಮ್ ಹುಡ್ಗಿ. ಇವಳು ಹಿಂಗೇ ಆಗ್ತಾಳೆ ಅಂತ ಗೊತ್ತಿದ್ದೇ ನಾನು ಲೋನ್ ಮೇಲೆ ಕಳಿಸಿದ್ದು” ಎಂದರು. ಸೋತ ಕ್ಲಬ್ಬಿನ ಯಜಮಾನರು ಗೆದ್ದ ಮುಖದಲ್ಲಿ ಮಾತನಾಡುವುದನ್ನು ನಾನು ನೋಡಿದ್ದು ಅದೇ ಮೊದಲು.

ನನ್ನ ಮನೆ ಆ ಮೈದಾನದಿಂದ ನಡೆದುಹೋಗುವಷ್ಟು ಹತ್ತಿರ. ಆದರೆ ಚಿಕ್ಕನಾಯಕನಹಳ್ಳಿಯವರು ನನ್ನನ್ನು ಬಿಡಲಿಲ್ಲ. ಬಸ್ಸಿಗೆ ಹತ್ತಿಸಿ, ಕಿಟಕಿಯ ಪಕ್ಕ ಕೂರಿಸಿ, ನನ್ನ ಮನೆಯ ಮುಂದೆಯೇ ಹಾದು, ಶೆಟ್ಟಿಕೆರೆಯಲ್ಲಿ ಮಂಡಕ್ಕಿ ಹಂಚಿ, ಅವರ ಊರಿಗೆ ಕರೆದುಕೊಂಡು ಹೋದರು. ಹಿಂದೆಯೇ ಸ್ಕೂಟರಿನಲ್ಲಿ ಮಹೇಶ, ಅವನ ಬೆನ್ನಿಗೆ ಅತ್ತೆ, ಸೆರಗು ಗಾಳಿಗೆ ಬಾವುಟದ ಹಾಗೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ತಮಟೆ ಇತ್ತು, ಪಟಾಕಿ ಇತ್ತು, ಬಟ್ಟೆ ಅಂಗಡಿ ಯಜಮಾನರು ಮುಂದಿನ ವರ್ಷಕ್ಕೆ ಹೊಸ ಅಂಗಿಗಳ ಬಣ್ಣವನ್ನೂ ಆಗಲೇ ಆರಿಸಿದ್ದರು. ಸವಿತ ನನ್ನ ಕೈ ಹಿಡಿದುಕೊಂಡೇ ಇದ್ದಳು. “ತಂಡ ಉಳೀತು ಅಕ್ಕ” ಎಂದಳು, “ಮುಂದಿನ ವರ್ಷ ನಾನು ಆಡ್ತೀನಿ.” ನನ್ನ ಜೀವನದಲ್ಲಿ ಅಷ್ಟು ಎತ್ತರಕ್ಕೆ ನಾನು ಹಾರಿದ್ದಿಲ್ಲ.

ಸೀಸನ್ ಮುಗಿದು ತಿಪಟೂರಿಗೆ ಹಿಂದಿರುಗಿದೆ. ಚೈತ್ರಳಿಗೆ ಬೆಂಗಳೂರಿನ ಒಂದು ಕ್ಲಬ್ಬಿನಿಂದ ಕರೆ ಬಂದು ಅವಳು ಹೋದಳು, ನಾನು ಮೊದಲನೆಯ ಗೋಲ್‌ಕೀಪರ್ ಆದೆ. ಮಂಡಿಯಲ್ಲಿ ಮತ್ತೆ ಕುರ್ಚಿ, ಮತ್ತೆ ಎಳನೀರು. ಈ ಸಲ ನಾನು ನೆಮ್ಮದಿಯಾಗಿ ಕುಡಿದೆ. “ಲೋನ್ ಅನ್ನೋದು ಎಂಥಾ ಒಳ್ಳೆ ಪದ್ಧತಿ ನೋಡು ಭಾಗ್ಯಮ್ಮ” ಎಂದರು ಬಸಲಿಂಗಣ್ಣ. ನಾನು ಮನಸಾರೆ ಒಪ್ಪಿದೆ. ಆಡಿದರೆ ತಾನೇ ಕಲಿಯುವುದು, ಸಣ್ಣ ಕ್ಲಬ್ಬುಗಳೂ ಉಳಿಯುತ್ತವೆ, ಊರೂರಿಗೂ ಸ್ನೇಹ ಬೆಳೆಯುತ್ತದೆ ಎಂದೆಲ್ಲ ನಾನೂ ಒಂದಷ್ಟು ಸೇರಿಸಿದೆ. ಅವರು ಸಂತೋಷದಿಂದ ತಲೆಯಾಡಿಸಿ, “ಅದ್ಕೇ ಈ ವರ್ಷ ನಾವೂ ಒಬ್ಬಳ್ನ ಲೋನ್ ತಗಂಡಿದೀವಿ. ಚಿಕ್ಕನಾಯಕನಹಳ್ಳಿಯೋರು ಅವ್ರ ಸವಿತನ್ನ ಕೊಡ್ತಾವ್ರೆ. ಅವ್ರಿಗೆ ಹಾಸನದಿಂದ ಯಾರೋ ದೊಡ್ಡ ಗೋಲ್‌ಕೀಪರ್ ಸಿಕ್ಕವಳಂತೆ” ಎಂದರು.

ನಾನು ಲೋಟ ಕೆಳಗಿಟ್ಟು, ಈ ಲೋನ್ ಪದ್ಧತಿಯಲ್ಲಿ ಇರುವ ತೊಂದರೆಗಳನ್ನು ಅವರಿಗೆ ವಿವರವಾಗಿ ತಿಳಿಸತೊಡಗಿದೆ. ಹೊರಗಿನವರು ಬಂದರೆ ಊರಿನ ಪ್ರತಿಭೆಗೆ ಅವಕಾಶ ತಪ್ಪುತ್ತದೆ, ಒಂದೇ ವರ್ಷಕ್ಕೆ ಬಂದವರಿಗೆ ತಂಡದ ಮೇಲೆ ಅಭಿಮಾನ ಹುಟ್ಟುವುದಿಲ್ಲ, ಗುಟ್ಟು ಹೊರಗೆ ಹೋಗುತ್ತದೆ, ಪಾಪ, ಆ ಹುಡುಗಿಗೆ ದಿನಾ ಬಸ್ಸಿನ ದಣಿವು ಬೇರೆ. ಬಸಲಿಂಗಣ್ಣ ಗಿಟುಕು ಅಲ್ಲಾಡಿಸುತ್ತ ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. “ಬಸ್ಸಿನ ದಣಿವು ಏನಿಲ್ಲ ಬುಡು” ಎಂದರು, “ಶೆಟ್ಟಿಕೆರೆ ಇಲ್ಲೇ ಅಲ್ವೇ.”

ಸೋಮವಾರ ಸವಿತ ಬಂದಳು. ಅವಳನ್ನು ನೋಡಿ ನನಗೆ ನಿಜವಾಗಿಯೂ ಸಂತೋಷವಾಯಿತು, ತಬ್ಬಿಕೊಂಡೆ. ಬೆಂಚಿನ ಯಾವ ತುದಿಯಲ್ಲಿ ಮಧ್ಯಾಹ್ನದ ಮೇಲೆ ನೆರಳು ಬೀಳುತ್ತದೆ, ಯಾವ ಹಲಗೆಯಲ್ಲಿ ಮೊಳೆ ಎದ್ದಿದೆ ಎಂದು ಅಕ್ಕರೆಯಿಂದ ತೋರಿಸಿಕೊಟ್ಟೆ. ಅವಳು ಎಲ್ಲವನ್ನೂ ಗಮನವಿಟ್ಟು ನೋಡಿ, “ಆಯ್ತಕ್ಕ” ಎಂದು ನಕ್ಕು, ಬ್ಯಾಗನ್ನು ಬೆಂಚಿನ ಮೇಲಿಟ್ಟು, ತಾನು ಕೂರದೆ ಓಡುತ್ತ ಮೈದಾನಕ್ಕಿಳಿದಳು. ಅಂದಿನಿಂದ ನಾನು ಅಭ್ಯಾಸಕ್ಕೆ ಎಲ್ಲರಿಗಿಂತ ಮೊದಲು ಹೋಗುತ್ತಿದ್ದೇನೆ. ಮೊಣಕಾಲು ನೋಯುತ್ತಿರುವ ವಿಷಯವನ್ನು ಇನ್ನೂ ಯಾರಿಗೂ ಹೇಳಿಲ್ಲ. ನೆಗಡಿಯಾದ ದಿನವೂ ಮೂಗೊರೆಸಿಕೊಂಡು ಹೋಗುತ್ತೇನೆ.